ಒಂದು ಖೋಲಿಗೆ ಸಾಕಾಗುವ ಬಾಕ್ಸು

ಸಾಹೇಬರು ತೀರಿಕೊಂಡ ಮರುದಿನವೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು. ಸುತ್ತ ಹೂಮಾಲೆಯ ಚೌಕಟ್ಟು, ಕೆಳಗೆ ‘ಶಾಂತಮೂರ್ತಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಬರಹ. ಅವರ ಮನೆಯಲ್ಲಿ ಫೋಟೋಕ್ಕೆ ಹಾರ ಹಾಕುವ ರೂಢಿಯಿಲ್ಲ ಎನ್ನುವುದು ಯಾರಿಗೂ ಹೊಳೆದಿರಲಿಲ್ಲ. ಅದು ಹೋಗಲಿ, ಶಾಂತಮೂರ್ತಿ ಎಂಬ ಮಾತು ಓದಿ ನನಗೆ ಮೈ ಉರಿದುಹೋಯಿತು. ಆ ಮನುಷ್ಯ ಜಗಳವಾಡದ ಬಡಿಗ ಗಂಗಾವತಿಯಲ್ಲಿಲ್ಲ, ವಾಯರ್ ಅಂಗಡಿಯವನಿಲ್ಲ, ಗಿಟಾರು ಹಿಡಿದವನಂತೂ ಇಲ್ಲವೇ ಇಲ್ಲ. ಬದುಕಿದ್ದಾಗ ಅವರ ಫೋನ್ ಬಂದರೆ ಎತ್ತದೆ ಜೇಬಿಗೆ ಹಾಕಿಕೊಳ್ಳುತ್ತಿದ್ದವರೇ ಈಗ ಸಾಲಾಗಿ ಕೈಮುಗಿಯುವ ಚಿತ್ರ ಒತ್ತುತ್ತಿದ್ದರು. ಸತ್ತವರನ್ನು ಹೀಗೆ ತಿಕ್ಕಿ ತೊಳೆದು ನುಣ್ಣಗೆ ಮಾಡುವುದು ನನಗೆ ಸೇರುವುದಿಲ್ಲ. ನಾನು ಕಂಡ ಸಾಹೇಬರು ಬೇರೆ, ಅವರನ್ನು ಬರೆಯುತ್ತೇನೆ.

ಅವರು ಪಶುವೈದ್ಯರಾಗಿದ್ದವರು. ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಬಹುಕಾಲ ನೌಕರಿ ಮಾಡಿ, ನಿವೃತ್ತರಾಗಿ ಗಂಗಾವತಿಯ ಹಳೆಯ ಓಣಿಯ ತಮ್ಮ ಮನೆಗೆ ಬಂದಿದ್ದರು. ಎತ್ತರದ ಆಳು, ಮೆಹಂದಿ ಹಚ್ಚಿದ ಗಡ್ಡ, ಎಮ್ಮೆ ಎತ್ತುಗಳನ್ನು ಅದುಮಿ ಹಿಡಿದು ಅಗಲವಾದ ಅಂಗೈ. ಆ ಅಂಗೈಯಲ್ಲಿ ಅವರು ಬೇಸ್ ಗಿಟಾರ್ ನುಡಿಸುತ್ತಿದ್ದರು. ಬೇಸ್ ಗಿಟಾರ್ ಎಂದರೆ ನಾಲ್ಕು ದಪ್ಪ ತಂತಿಯ, ತಗ್ಗು ದನಿಯ ವಾದ್ಯ. ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸುವವನು ಹಿಂದೆ ಎಲ್ಲೋ ನಿಂತಿರುತ್ತಾನೆ, ಜನ ಅವನ ಮುಖ ನೋಡುವುದಿಲ್ಲ. ಅದರ ದನಿ ಹೊರಗೆ ಬರಬೇಕಾದರೆ ಆಂಪ್ಲಿಫೈಯರ್ ಬೇಕು, ಸ್ಪೀಕರ್ ಕೂರಿಸಲು ಮರದ ಬಾಕ್ಸ್ ಬೇಕು. ಯಾವ ಆಂಪ್ಲಿಫೈಯರಿಗೆ ಯಾವ ಬಾಕ್ಸ್ ಹೊಂದುತ್ತದೆ, ಮನೆಯಲ್ಲೇ ಮಾಡಿದ್ದು ಮೇಲೋ ಅಂಗಡಿಯದು ಮೇಲೋ ಎಂದು ಕಚ್ಚಾಡುವ ಮಂದಿ ನಾವು. ಕೊಪ್ಪಳ, ಕುಷ್ಟಗಿ, ಯಲಬುರ್ಗಾದಿಂದೆಲ್ಲ ಭಾನುವಾರ ಮಧ್ಯಾಹ್ನ ಜನ ತಮ್ಮ ತಮ್ಮ ಪೆಟ್ಟಿಗೆ ಹೊತ್ತು ಗಂಗಾವತಿಗೆ ಬರುತ್ತಿದ್ದರು. ನಿಂತುಹೋದ ಒಂದು ರೈಸ್ ಮಿಲ್ಲಿನ ಗೋದಾಮು ನಮ್ಮ ಠಿಕಾಣಿ. ಮಿಲ್ಲಿನ ಧಣಿಗೂ ಇದೇ ಹುಚ್ಚು.

ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಚರ್ಚಿನಲ್ಲಿ ಬೇಸ್ ನುಡಿಸುವವನು ಊರು ಬಿಟ್ಟು ಹೋದಾಗ ಬೇರೆ ಯಾರೂ ಇಲ್ಲವೆಂದು ಕಲಿತು, ಆಮೇಲೆ ಬಿಡಲಾಗದೆ ಉಳಿದವಳು. ಮೊದಲ ಸಲ ಗೋದಾಮಿಗೆ ಹೋದಾಗ ಧಣಿ ಓಡಿಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, “ಬರ್ರಿ ಮೇಡಂ, ಒಂದ್ ಭಕ್ತಿಗೀತೆ ಹಾಡಿಬಿಡ್ರಿ, ಶುರು ಮಾಡೋಣ” ಎಂದ. ಹೆಂಗಸು ಬಂದಳೆಂದರೆ ಹಾಡಲಿಕ್ಕೇ ಬಂದಿರಬೇಕು. ನಾನು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಸಾಹೇಬರ ದನಿ ಬಂತು.

“ಆಕಿ ಹಾಡಾಕ ಬಂದಿಲ್ಲೋ. ಬೆರಳ ನೋಡು ಆಕಿವು. ಜಡ್ಡುಗಟ್ಟ್ಯಾವ.”

ನನ್ನ ಪಕ್ಷ ವಹಿಸಿದರಲ್ಲ ಎಂದು ನಾನು ಹಿಗ್ಗುವಷ್ಟರಲ್ಲಿ ಎದ್ದು ಬಂದು ನನ್ನ ಪುಟ್ಟ ಆಂಪ್ಲಿಫೈಯರನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. “ಇದೇನವಾ, ಬುತ್ತಿ ಡಬ್ಬಿ ತಂದಿ?” ಎಲ್ಲರೂ ನಕ್ಕರು. ನನಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. “ಬುತ್ತಿ ಡಬ್ಬಿಯಾಗ ಏನೈತಿ ಅಂತ ಮೊದಲ ಉಂಡು ನೋಡ್ರಿ ಸಾಹೇಬ್ರ” ಎಂದೆ. ನುಡಿಸಿದೆ. ಪೂರ್ತಿ ಕೇಳಿ, “ಕೈ ಛಲೋ ಐತಿ, ಡಬ್ಬಿ ಕೆಟ್ಟೈತಿ” ಎಂದು ಹೇಳಿ ಹೋಗಿ ಕೂತರು. ಅವರಿಂದ ನನಗೆ ಸಿಕ್ಕ ಹೊಗಳಿಕೆ ಅಷ್ಟೇ. ಉಳಿದವರು ಎಷ್ಟೋ ಸಲ ‘ವಾಹ್ ಮೇಡಂ’ ಎಂದಿದ್ದಾರೆ, ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಬಾಕ್ಸಿನ ಜೋಡಣೆ ಎಲ್ಲಿ ಸಡಿಲಾಗಿದೆ, ಎಲ್ಲಿ ಹಲಗೆ ನಡುಗುತ್ತದೆ ಎಂದು ಹುಡುಕಲು ಅವರು ದನಗಳಿಗೆ ಹಚ್ಚುತ್ತಿದ್ದ ಸ್ಟೆತಸ್ಕೋಪನ್ನೇ ತರುತ್ತಿದ್ದರು. ನಾನು ದಪ್ಪ ತಂತಿಯನ್ನು ಮೀಟುತ್ತಿರಬೇಕು, ಅವರು ಮಂಡಿಯೂರಿ ಪ್ಲೈವುಡ್ಡಿನ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಇಟ್ಟು ಕೇಳಬೇಕು. ಒಂದು ಕಡೆ ತಟ್ಟನೆ ನಿಂತು, “ಹಾಂ, ಇಲ್ಲಿ ಕಫ ಐತಿ” ಎನ್ನುವರು. ಆ ಜಾಗಕ್ಕೆ ಅಂಟು ಹಚ್ಚಿ ಒಳಗಿನಿಂದ ಪಟ್ಟಿ ಬಡಿದರೆ ಸರಿಹೋಗುತ್ತಿತ್ತು. ಎಲ್ಲ ಸಲವೂ ಅಲ್ಲ. ಎಷ್ಟೋ ಸಲ ಏನೂ ಆಗದ ಬಾಕ್ಸುಗಳನ್ನು ಕಫದ ನೆಪದಲ್ಲಿ ಬಿಚ್ಚಿ ಹಾಳುಮಾಡಿದ್ದೂ ಉಂಟು. ತಪ್ಪಾಯಿತೆಂದು ಒಪ್ಪಿದ ಒಂದು ದಿನವೂ ನನಗೆ ನೆನಪಿಲ್ಲ.

ಅವರ ದೊಡ್ಡ ಪ್ರಮಾದವೆಂದರೆ ಹೊಟ್ಟು. ದನಿ ಒಳಗೊಳಗೇ ಗುಂಯ್‌ಗುಡದಿರಲಿ ಎಂದು ಬಾಕ್ಸಿನೊಳಗೆ ಹತ್ತಿಯಂಥದ್ದೇನಾದರೂ ತುಂಬುತ್ತಾರೆ. ಸಾಹೇಬರು ಭತ್ತದ ಹೊಟ್ಟು ತುಂಬಿದರು. “ಊರ ತುಂಬ ಹೊಟ್ಟಿನ ಗುಡ್ಡ ಬಿದ್ದಾವ. ಅದನ್ನ ಬಿಟ್ಟು ಪರದೇಶದ ಸ್ಪಂಜ್ ಯಾಕ ಬೇಕ್ರಿ ನಿಮಗ?” ಎಂದು ಭಾಷಣ ಬೇರೆ. ಧಣಿಗೆ ಇದು ಭಾಳ ಹಿಡಿಸಿತು, ಹೊಟ್ಟು ಅವನದೇ ಅಲ್ಲವೇ. ಎಲ್ಲರೂ ತುಂಬಿದರು. ಹೊಟ್ಟಿನ ನಡುವೆ ಉಳಿದ ನುಚ್ಚಿಗೆ ಇಲಿಗಳು ಬಂದವು. ಗಾಳಿ ಆಡಲೆಂದು ಕೊರೆದ ಕಿಂಡಿಯಿಂದ ಒಳಹೋಗಿ, ನುಚ್ಚು ತಿಂದು, ವಾಯರ್ ಕಡಿದು, ಸ್ಪೀಕರಿನ ಕಾಗದ ಹರಿದು ಮರಿ ಹಾಕಿದವು. ಒಂದು ಭಾನುವಾರ ನಾನು ಮೊದಲ ಸ್ವರ ನುಡಿಸಿದ್ದೇ ಕುಷ್ಟಗಿಯಿಂದ ಬರುತ್ತಿದ್ದ ಒಬ್ಬನ ಬಾಕ್ಸಿನಿಂದ ಇಲಿ ಹಾರಿ ಧಣಿಯ ಕಾಲ ಮೇಲೆ ಬಿತ್ತು. ಸಾಹೇಬರು ಕದಲಲಿಲ್ಲ. “ನಿನ್ನ ಹೊಟ್ಟು ಸ್ವಚ್ಛ ಇಲ್ಲ” ಎಂದು ಧಣಿಗೇ ಬೈದರು.

ಹೋಲಿಕೆ ಮಾಡುವುದಕ್ಕೆ ಅವರೇ ಒಂದು ಪದ್ಧತಿ ಹಾಕಿದ್ದರು. ಗೋದಾಮಿನ ನಡುವೆ ತಾಡಪತ್ರಿ ಕಟ್ಟುವುದು. ಅದರ ಹಿಂದೆ ಎರಡು ಬಾಕ್ಸುಗಳನ್ನೋ ಆಂಪ್ಲಿಫೈಯರುಗಳನ್ನೋ ಒಂದಾದ ಮೇಲೊಂದು ನುಡಿಸುವುದು. ಈಚೆ ಕೂತವರು ಯಾವುದು ಹಿತವೆಂದು ಬರೀ ಕಿವಿಯಿಂದ ಹೇಳಬೇಕು. ಕಂಪನಿಯ ಹೆಸರು ಎತ್ತಿದವನು ಎಲ್ಲರಿಗೂ ಮಿರ್ಚಿ ಭಜಿ ತರಿಸಬೇಕು. ಆ ಕುಷ್ಟಗಿಯವನ ವಿಚಾರ ಇಲ್ಲಿ ಹೇಳಬೇಕು. ಅವನದು ಮೊಬೈಲ್ ಅಂಗಡಿ, ಬಾಯಿ ತುಂಬ ನಗೆ, ಕೈ ತುಂಬ ಹೊಸ ಸಾಮಾನು. ಅವನು ತಂದ ವಿದೇಶಿ ಆಂಪ್ಲಿಫೈಯರನ್ನು ಸಾಹೇಬರ ಮನೆಯಲ್ಲಿ ತಯಾರಾದದ್ದು ವಾರಗಟ್ಟಲೆ ಸೋಲಿಸಿತು. ಸಾಹೇಬರು ಮೀಸೆ ತಿರುವಿಕೊಂಡು ಕೂತಿದ್ದರು. ಒಂದು ದಿನ ತಾಡಪತ್ರಿಯ ಹಿಂದೆ ನುಡಿಸುತ್ತಿದ್ದ ನನಗೆ ಗುಟ್ಟು ಕಂಡಿತು. ವಾಯರ್ ಬದಲಿಸಲು ಹಿಂದೆಯೇ ನಿಲ್ಲುತ್ತಿದ್ದ ಸಾಹೇಬರು ತಮ್ಮದರ ಸರದಿ ಬಂದಾಗ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ಮೇಲೇರಿಸುತ್ತಿದ್ದರು. ಎರಡು ದನಿಗಳಲ್ಲಿ ಯಾವುದು ಕೊಂಚ ಜೋರೋ ಅದೇ ಮಧುರ ಎನ್ನಿಸುವುದು ಕಿವಿಯ ಸ್ವಭಾವ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. “ಇದು ಮೋಸ ಅಲ್ಲೇನ್ರಿ ಸಾಹೇಬ್ರ?” ಎಂದು ಎಲ್ಲರ ಎದುರಿಗೇ ಕೇಳಿದೆ.

“ಕೈ ಜಾರ್ತು” ಎಂದರು.

“ಪ್ರತಿ ವಾರ ಜಾರ್ತೈತೇನ್ರಿ?”

“ವಯಸ್ಸಾಗೈತವಾ” ಎಂದು ಗಡ್ಡ ಕೆರೆದುಕೊಂಡರು. ಇಂಥ ಮನುಷ್ಯ ಶಾಂತಮೂರ್ತಿಯಂತೆ.

ಆದರೆ ಒಂದು ಮಾತಿನಲ್ಲಿ ಅವರು ಗಟ್ಟಿ. ಹೊಸಬರು ಯಾರೇ ಬಂದು ಬಾಕ್ಸಿನ ಅಳತೆ ಕೇಳಿದರೂ ದರ್ಜಿಯ ಸುಣ್ಣದ ಬಿಲ್ಲೆಯಿಂದ ಗೋದಾಮಿನ ನೆಲದ ಮೇಲೆಯೇ ಬರೆದು ತೋರಿಸುತ್ತಿದ್ದರು. ಗಾಳಿ ಕಿಂಡಿಯನ್ನು ಎಲ್ಲರೂ ಗುಂಡಗೆ ಕೊರೆದರೆ ಇವರು ಕೆಳಗಂಚಿನಲ್ಲಿ ಓರೆಯಾಗಿ, ಅರ್ಧ ಬಾಯ್ತೆರೆದಂತೆ ಕೊರೆಯುತ್ತಿದ್ದರು. ಅದನ್ನೂ ಮುಚ್ಚಿಡಲಿಲ್ಲ. ಬರೆದು ಮುಗಿಸಿ ಎದ್ದು ನಿಂತು ಒಂದು ಷರತ್ತು ಹೇಳುವರು: “ಬಾಕ್ಸ್ ಒಂದ್ ಖೋಲಿಗೆ ಸಾಕಾಗಬೇಕು, ಊರಿಗಲ್ಲ. ಊರಿಗೆ ಕೇಳಸಬೇಕು ಅಂದ್ರ ಪಟಾಕಿ ಹಚ್ಚರಿ.” ಡಿಜೆ ಎಂಬ ಹೆಸರು ಕೇಳಿದರೆ ಅವರಿಗೆ ಆಗುತ್ತಿರಲಿಲ್ಲ. ಟ್ರ್ಯಾಕ್ಟರಿನ ಮೇಲೆ ಬಾಕ್ಸುಗಳ ಗೋಡೆ ಕಟ್ಟಿಕೊಂಡು ಹೋಗುವವರನ್ನು ಕಂಡರೆ ರಸ್ತೆಯಲ್ಲೇ ಸ್ಕೂಟರ್ ನಿಲ್ಲಿಸಿ ಬೈಯುತ್ತಿದ್ದರು. ಆ ಸಿಟ್ಟಿಗೆ ನಾನು ಮಾರುಹೋಗಿದ್ದೆ. ಈ ಗದ್ದಲದ ಜಗತ್ತಿನಲ್ಲಿ ತಗ್ಗು ದನಿಯ ಮರ್ಯಾದೆ ಕಾಯುವ ಒಬ್ಬ ಮನುಷ್ಯ ಇದ್ದಾನಲ್ಲ ಎಂದು ಅವರ ಮೋಸ, ಹಟ, ಬೈಗುಳ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡೆ.

ಹೋದ ವರ್ಷ ಅವರಿಗೆ ಎದೆನೋವು ಬಂತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ರಕ್ತ ತಪಾಸಣೆಗೆ ನಾನೇ ಮನೆಗೆ ಹೋಗಿ ಸ್ಯಾಂಪಲ್ ತರುತ್ತಿದ್ದೆ. ಒಂದು ಮಧ್ಯಾಹ್ನ ಅವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ಸೂಜಿ ಹಿಡಿದಿದ್ದೆ. ದೂರದಿಂದ ಡಿಜೆ ಕೇಳಿಸುತ್ತಿತ್ತು, ಹತ್ತಿರವಾಯಿತು, ಬಾಗಿಲ ಮುಂದೆಯೇ ಬಂದು ನಿಂತಿತು. ಯಾವನೋ ಪುಢಾರಿಯ ಹುಟ್ಟುಹಬ್ಬದ ಮೆರವಣಿಗೆ. ಕಿಟಕಿಯ ಗಾಜು ಗಡಗಡ ಎಂದಿತು, ಮೇಜಿನ ಮೇಲಿನ ಔಷಧಿ ಡಬ್ಬಿಗಳು ತಾವಾಗಿಯೇ ಅಂಚಿಗೆ ಸರಿದವು. ಅವರ ತೋಳು ನಡುಗುತ್ತಿತ್ತೋ ಮನೆಯೇ ನಡುಗುತ್ತಿತ್ತೋ ತಿಳಿಯದೆ ನಾನು ಪಟ್ಟಿ ಸಡಿಲಿಸಿ ಸೂಜಿ ಕೆಳಗಿಟ್ಟೆ. ಸಾಹೇಬರ ಹಣೆಯಲ್ಲಿ ಬೆವರು ಒಡೆದಿತ್ತು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು.

“ಹೋಗಿ ಬಂದ್ ಮಾಡಸವಾ” ಎಂದರು ಸಾಹೇಬರು. ಎಂದೂ ಯಾರನ್ನೂ ಏನನ್ನೂ ಬೇಡದ ಮನುಷ್ಯ ನನ್ನ ಕೈ ಹಿಡಿದು ಕೇಳಿದರು.

ಹೊರಗೆ ಬಂದೆ. ಟ್ರ್ಯಾಕ್ಟರಿನ ಮೇಲೆ ಬಾಕ್ಸಿನ ಮೇಲೆ ಬಾಕ್ಸ್ ಏರಿಸಿ ಎಷ್ಟು ಎತ್ತರ ಕಟ್ಟಿದ್ದರೆಂದರೆ ಓಣಿಯ ಕರೆಂಟ್ ತಂತಿಗೆ ತಲೆ ಸಿಕ್ಕಿ ಮುಂದೆ ಹೋಗಲಾಗದೆ ನಿಂತಿತ್ತು. ಇಬ್ಬರು ಬಿದಿರಿನ ಗಳದಿಂದ ತಂತಿ ಎತ್ತಲು ಹೆಣಗುತ್ತಿದ್ದರು. ಹಾಗೆ ಸಿಕ್ಕಿಕೊಂಡಿದ್ದರೂ ಸದ್ದು ನಿಲ್ಲಿಸಿರಲಿಲ್ಲ. ಹಿಂದೆ ಸದ್ದು ಏರಿಳಿಸುವ ಮಿಕ್ಸರಿನ ಮುಂದೆ ಕೂತವನನ್ನು ನೋಡಿದೆ. ನಮ್ಮ ಕುಷ್ಟಗಿಯವನು. ಆಮೇಲೆ ಬಾಕ್ಸುಗಳನ್ನು ನೋಡಿದೆ. ಪ್ರತಿಯೊಂದರ ಕೆಳಗಂಚಿನಲ್ಲೂ ಓರೆಯಾಗಿ ಕೊರೆದ, ಅರ್ಧ ಬಾಯ್ತೆರೆದ ಕಿಂಡಿ. ಸಾಹೇಬರು ನೆಲದ ಮೇಲೆ ಬರೆದ ಅಳತೆಯನ್ನೇ ದುಪ್ಪಟ್ಟು ಮಾಡಿ ಗೋಡೆ ಕಟ್ಟಿಕೊಂಡು ಅವರ ಮನೆ ಮುಂದೆಯೇ ತಂದು ನಿಲ್ಲಿಸಿದ್ದ.

“ಕಡಿಮಿ ಮಾಡೋ. ಒಳಗ ಸಾಹೇಬ್ರಿಗೆ ತ್ರಾಸಾಗತೈತಿ” ಎಂದು ಅವನ ಕಿವಿಯಲ್ಲಿ ಕಿರುಚಿದೆ.

“ಐದ್ ನಿಮಿಷ ಅಕ್ಕಾ. ತಂತಿ ಸಿಕ್ಕೈತಿ.”

“ತಂತಿ ಬಿಡಿಸೋತನಕ ಬಂದ್ ಮಾಡು.”

“ಪಾರ್ಟಿ ಮಂದಿ ಬಿಡಂಗಿಲ್ಲಕ್ಕ, ಕುಣ್ಯಾಕತ್ಯಾರ ನೋಡು. ಮತ್ತ ಇವು ಸಾಹೇಬ್ರ ಬಾಕ್ಸ್ ಅದಾವಲ್ಲ, ಅವ್ರಿಗೆ ಖುಷಿನ ಆಗತೈತಿ ಬಿಡು.” ನಗುತ್ತಲೇ ಹೇಳಿದ.

ಆ ನಗು ನೋಡಿ ನನಗೆ ಏನಾಯಿತೋ. ಟ್ರಾಲಿಯ ಹಿಂದೆ ಜನರೇಟರ್ ಇತ್ತು. ಅದರಿಂದ ಬರುವ ದಪ್ಪ ವಾಯರನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತುಬಿಟ್ಟೆ. ಓಣಿ ಒಮ್ಮೆಲೇ ಮೌನವಾಯಿತು. ಕುಣಿಯುತ್ತಿದ್ದವರು ಎತ್ತಿದ ಕೈ ಎತ್ತಿದಂತೆಯೇ ನಿಂತರು. “ಯಾವಾಕಿ ಈಕಿ?” ಎಂದು ಒಬ್ಬ ಮೈಮೇಲೆ ಬಂದ. “ನಿಮ್ಮವ್ವ ಒಳಗ ಮಲಗಿದ್ದರೂ ಹಿಂಗ ಬಾರಸ್ತಿದ್ದೇನು?” ಎಂದೆ. ವಾಯರ್ ಬಿಡಲಿಲ್ಲ. ಅಷ್ಟರಲ್ಲಿ ಮೇಲಿನ ಕರೆಂಟ್ ತಂತಿ ಬಿಟ್ಟುಕೊಂಡಿತು, ಟ್ರ್ಯಾಕ್ಟರ್ ಮುಂದೆ ಹೋಗುತ್ತ ವಾಯರನ್ನು ನನ್ನ ಕೈಯಿಂದ ಎಳೆದುಕೊಂಡಿತು, ಓಣಿಯ ತಿರುವಿನಲ್ಲಿ ಸದ್ದು ಮತ್ತೆ ಶುರುವಾಯಿತು. ಒಳಗೆ ಬಂದರೆ ಸಾಹೇಬರು ಗೋಡೆಗೆ ಒರಗಿ ಕೂತಿದ್ದರು. ಬಾಕ್ಸುಗಳನ್ನು ಕಿಟಕಿಯಿಂದ ಅವರೂ ಕಂಡಿದ್ದರು.

“ನನ್ನ ಕಿಂಡಿ” ಎಂದರು. ಆಮೇಲೆ, “ಪ್ಲೈವುಡ್ ಎಷ್ಟು ದಪ್ಪ ಹಾಕ್ಯಾನ, ನೋಡಿದೇನು?” ಎಂದರು. ನಾನು ಮತ್ತೆ ಪಟ್ಟಿ ಬಿಗಿದು ಸೂಜಿ ಹಿಡಿದೆ.

ಅದಾಗಿ ಕೆಲವು ವಾರಕ್ಕೆ ಹೋಗಿಬಿಟ್ಟರು. ಆ ಟ್ರ್ಯಾಕ್ಟರಿನಿಂದಲೇ ಹೋದರೆಂದು ನಾನು ಹೇಳುವುದಿಲ್ಲ, ಲ್ಯಾಬಿನವಳು ಹಾಗೆಲ್ಲ ಹೇಳಬಾರದು. ಆದರೆ ಶಾಂತಮೂರ್ತಿ ಎಂದು ಬರೆದು ಹೂಮಾಲೆ ಹಾಕಿದವನು ಇದೇ ಕುಷ್ಟಗಿಯವನು. ಗೋದಾಮಿನಲ್ಲಿ ಸಭೆ ಕರೆದವನೂ ಅವನೇ. ಮೈಕ್ ಹಿಡಿದು, ಕಣ್ಣು ಒರೆಸಿಕೊಂಡು, ಗುರುವಿನ ನೆನಪಿಗೆ ತನ್ನ ಡಿಜೆಗೆ ‘ಸಾಹೇಬ್ ಸೌಂಡ್ಸ್’ ಎಂದು ಹೆಸರಿಡುವುದಾಗಿ ಸಾರಿದ. ಜನ ಚಪ್ಪಾಳೆ ತಟ್ಟಿದರು. ಮನೆಯವರ ಒಪ್ಪಿಗೆ ಒಂದು ಬೇಕಿತ್ತು, ಆದರೆ ಸಾಹೇಬರ ಹೆಂಡತಿ ಇದ್ದತ್‌ನಲ್ಲಿದ್ದರು. ಗಂಡ ತೀರಿದ ಮೇಲೆ ಹೆಣ್ಣುಮಗಳು ಮನೆಯೊಳಗೇ ಇರುವ ಆ ತಿಂಗಳುಗಳಲ್ಲಿ ಹೊರಗಿನ ಗಂಡಸರು ಒಳಗೆ ಹೋಗುವಂತಿಲ್ಲ.

“ನೀನ ಹೋಗಿ ಕೇಳಬೇಕಕ್ಕ” ಎಂದ ಕುಷ್ಟಗಿಯವನು. ನಾಚಿಕೆ ಎನ್ನುವುದು ಅವನ ಕಡೆ ಸುಳಿದಿರಲಿಲ್ಲ.

ಆಗಲಿ ಎಂದೆ. ಕೇಳಲಿಕ್ಕಲ್ಲ, ಬೇಡವೆನ್ನಿಸಲಿಕ್ಕೆ. ಆ ಹೆಸರು ಟ್ರ್ಯಾಕ್ಟರಿನ ಮೇಲೆ ಬಣ್ಣದ ದೀಪದಲ್ಲಿ ಮಿನುಗುವುದನ್ನು ನೋಡಿಕೊಂಡು ನಾನು ಈ ಊರಲ್ಲಿ ಇರಲಾರೆ ಎನ್ನಿಸಿತ್ತು. ದಾರಿಯುದ್ದಕ್ಕೂ, ನಾವೆಲ್ಲ ಅಮ್ಮ ಎನ್ನುತ್ತಿದ್ದ ಸಾಹೇಬರ ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡು ಹೋದೆ. ಸಾಹೇಬರ ತತ್ವ, ಅವರ ಷರತ್ತು, ಇವನು ಮಾಡಿದ ದ್ರೋಹ.

ಬಿಳಿ ದುಪಟ್ಟಾ ಹೊದ್ದು ಅವರು ಮಂಚದ ಮೇಲೆ ಕೂತಿದ್ದರು. ಗೋಡೆಯ ಉದ್ದಕ್ಕೂ ಸಾಹೇಬರ ನಾಲ್ಕು ಬಾಕ್ಸುಗಳು ಹಾಗೆಯೇ ಇದ್ದವು. ನಾನು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ದನಿ ಏರಿತು. “ಬೀಮಾರ ಮನಿಶಾ ಮಲಗಿದ್ದಾಗ ಮನಿ ಮುಂದ ತಂದು ಬಾರಸಿದಾವ್ರಿ ಅಂವ. ಅಂಥಾವಂಗ ಹೆಸರ ಕೊಡತೀರೇನ್ರಿ ಅಮ್ಮಾರ?”

ಅವರು ಪೂರ್ತಿ ಕೇಳಿದರು. “ಕೂಡು, ಯಾಕ ನಿಂತಿ” ಎಂದರು. ಕೂತೆ.

“ತಲಿಶೂಲಿ ಐತಿ ನನಗ, ಮೊದಲಿಂದ. ಬಂತಂದ್ರ ಸಣ್ಣ ಸಪ್ಪಳ ಸೈತ ತಡಕೊಳ್ಳಾಕ ಆಗಂಗಿಲ್ಲ. ಇವ್ರ ಬಾಕ್ಸ್ ನಿಮಗ ಭಾನುವಾರದ ಆಟ. ನನಗ ದಿನಾ. ಕಪಾಟಿನಾಗ ಚಾದ ಕಪ್ಪು ಬಸಿ ಕುಣೀತಿದ್ವು, ನಡುವ ಅರಿಬಿ ತುರಕಿ ಇಟ್ಟೀನಿ ನೋಡು ಬೇಕಾರ. ನಮಾಜಕ್ಕ ನಿಂತ್ರ ಅಂಗಾಲಾಗ ಗುಂಯ್ ಅಂತಿತ್ತು. ಎಷ್ಟೋ ಸಲ ಬಾಜೂ ಮನ್ಯಾಗ ಹೋಗಿ ಮಲಕೊಂಡೀನಿ.”

“ನೀವು ಹೇಳಲಿಲ್ಲೇನ್ರಿ ಅವ್ರಿಗೆ?”

“ಹೇಳದ ಇರತೀನೇನವಾ? ಹೇಳಿದಾಗೆಲ್ಲ, ಐದ್ ನಿಮಿಷ ಅಂತಿದ್ರು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಯಾವಾಗಲೋ ತೀರಿಹೋದ ಸಂಗತಿಯನ್ನು ಹೇಳುವಂತೆ ಹೇಳುತ್ತಿದ್ದರು.

“ಅವತ್ತ ಟ್ರ್ಯಾಕ್ಟರ್ ನಿಂತಾಗ ನೀ ಓಡಿ ಹೋಗಿ ವಾಯರ್ ಕಿತ್ತಿ. ಛಲೋ ಮಾಡಿದಿ. ಅವ್ರಿಗೆ ಆರಾಮಾತು. ನನ್ನ ಸಲುವಾಗಿ ಯಾರೂ ಕೀಳಲಿಲ್ಲ ನೋಡು.”

ಆಗ ನನಗೆ ಸಾಹೇಬರ ಮೇಲೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ. ಕುಷ್ಟಗಿಯವನ ಮೇಲೆ ಹರಿಹಾಯ್ದಂತೆ ಹೋಗಿ ಹರಿಹಾಯೋಣವೆಂದರೆ ಸತ್ತವರು ಸಿಗುವಂತಿಲ್ಲ. ಎದುರಿಗಿರುವುದು ನಾಲ್ಕು ಬಾಕ್ಸು ಮಾತ್ರ.

“ಹೆಸರು ಬ್ಯಾಡ ಅಂತ ಹೇಳು ಅವಂಗ” ಎಂದರು ಅಮ್ಮ. “ನೀ ಹೇಳಿದ್ದಕ್ಕಲ್ಲ. ಆ ಹೆಸರಿನಾಗ ಇನ್ನೊಂದ್ ಸಪ್ಪಳ ನನ್ನ ಬಾಗಲಿಗೆ ಬರೂದು ಬ್ಯಾಡ. ಮತ್ತ ಇವನ್ನ ಹೊರಗ ಹಾಕು, ಈಗ.”

ಆಳು ಕರೆಯುವಂತಿರಲಿಲ್ಲ. ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಗೆ ಅವರೇ ಎದ್ದು ಬಂದರು. ಬೇಡ ಎಂದರೂ ಬಿಡಲಿಲ್ಲ. ಒಂದೊಂದೂ ಹೆಣದ ಭಾರ. ಹೊಸ್ತಿಲವರೆಗೆ ಇಬ್ಬರೂ ಎತ್ತಿ, ಅಲ್ಲಿಂದಾಚೆ ನಾನೊಬ್ಬಳೇ ಕಟ್ಟೆಗೆ ಎಳೆದೆ. ನಾಲ್ಕನೆಯದನ್ನು ಇಳಿಸಿ, ಬೆವರು ಒರೆಸಿಕೊಂಡು, ಹೋಗಿಬರುತ್ತೇನೆ ಎಂದು ಹೇಳಲು ತಿರುಗಿದೆ. ಬಾಗಿಲು ಆಗಲೇ ಮುಚ್ಚಿತ್ತು. ಒಳಗಿನಿಂದ ಚಿಲಕ ಹಾಕಿದ್ದು ಕೇಳಿಸಿತು. ಬಾಕ್ಸುಗಳ ಜೊತೆ ನಾನೂ ಹೊರಗಿದ್ದೆ.